ಗಿಡ್ಡ ಕಾಲಿನ ಸ್ಟೂಲು

ಜನವರಿ 6

ಅತ್ತೆ,

ಇದು ಯಾರ ಕೈಬರಹ ಎಂದು ತಲೆ ಕೆರೆದುಕೊಳ್ಳಬೇಡಿ. ನಾನು ನಿಮ್ಮ ಅಣ್ಣನ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಇರಲಿಲ್ಲ, ನೀವು ನನ್ನನ್ನು ಚೂಟಿ ಎಂದು ಕರೆಯುತ್ತಿದ್ದಿರಿ. ಈಗ ಮೂವತ್ತು. ಹಲ್ಲು ಬಂದಿವೆ. ನಿಮ್ಮ ವಿಳಾಸ ಎಲ್ಲಿ ಸಿಕ್ಕಿತು ಎಂಬುದು ಬೇರೆ ಕಥೆ, ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಒಂಬತ್ತು ವರ್ಷ ಒಂದು ದೊಡ್ಡ ಸ್ಟುಡಿಯೋದಲ್ಲಿ ದುಡಿದೆ. ಫೋಟೋ ತೆಗೆದವಳು ನಾನು, ಆಲ್ಬಂ ಜೋಡಿಸಿದವಳು ನಾನು, ಕೊನೆಯ ಪುಟದಲ್ಲಿ ಹೆಸರು ಮಾತ್ರ ಮಾಲೀಕರದು. ಕಳೆದ ತಿಂಗಳು ಸಾಕೆಂದು ಬಿಟ್ಟುಬಿಟ್ಟೆ. ಟೈಲರ್ ಅಂಗಡಿಯ ಪಕ್ಕ ಒಂದು ಕೋಣೆ ಹಿಡಿದಿದ್ದೇನೆ. ಹತ್ತಡಿಗೆ ಹದಿನಾಲ್ಕಡಿ. ಬಿಳಿ ಬಣ್ಣ ನಾನೇ ಬಳಿದೆ, ಅರ್ಧ ಗೋಡೆಗೆ, ಅರ್ಧ ನನ್ನ ತಲೆಗೆ. ಮಾರ್ಚ್ 25ಕ್ಕೆ ಬಾಗಿಲು ತೆರೆಯಬೇಕು.

ಅದಕ್ಕೆ ವಿಸಿಟಿಂಗ್ ಕಾರ್ಡು ಬೇಕು, ಬೋರ್ಡಿಗೆ ಒಂದು ಗುರುತು ಬೇಕು. ನೀವು ಸ್ವಂತ ಪ್ರೆಸ್ ಇಟ್ಟು ಊರಿಗೆಲ್ಲ ಕಾರ್ಡು, ಲೇಬಲ್ಲು ಮಾಡಿಕೊಡುತ್ತೀರಂತೆ. ಮನೆಯಲ್ಲೇ ಅಕ್ಕಸಾಲಿಗ ಇರುವಾಗ ಒಡವೆಗೆ ಊರೂರು ಅಲೆಯುವುದೇಕೆ? ಅಪ್ಪನೂ ಹೇಳಿದರು, "ಕಾರ್ಡ್ ಅಂದ್ರೆ ನಿಮ್ಮತ್ತೇನೇ, ಕೇಳಿ ನೋಡು" ಅಂತ.

ಗುರುತು ಏನಿರಬೇಕು ಎಂದು ನಾನು ಆಗಲೇ ತೀರ್ಮಾನಿಸಿದ್ದೇನೆ. ಅಪ್ಪನ ಸ್ಟುಡಿಯೋದ ಸ್ಟೂಲು. ಊರಲ್ಲಿ ಅರ್ಧ ಜನ ಅದರ ಮೇಲೆ ಕೂತೇ ಪಾಸ್‌ಪೋರ್ಟ್ ಸೈಜ್ ಆದವರು. ಅಪ್ಪ ಸ್ಟುಡಿಯೋ ಮುಚ್ಚಿ ನಾಲ್ಕು ವರ್ಷವಾಯಿತು, ಸ್ಟೂಲು ಈಗ ನನ್ನ ಕೋಣೆಗೆ ಬಂದಿದೆ. ಬೇಗ ಬರೆಯಿರಿ.

ನಿಮ್ಮ ಚೂಟಿ


ಜನವರಿ 15

ಚೂಟಿ,

ನಿನ್ನ ಕಾಗದ ಬಂದಾಗ ಯಂತ್ರ ಓಡುತ್ತಿತ್ತು. ನಿಲ್ಲಿಸಿ ಓದಿದೆ. ಆಮೇಲೆ ಅದನ್ನು ಮತ್ತೆ ಓಡಿಸಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ದೊಡ್ಡವಳಾದೆಯಾ!

ನಿಮ್ಮಪ್ಪ ನಿಜವಾಗಿ ಹಾಗೆ ಹೇಳಿದನೇ? "ನಿಮ್ಮತ್ತೆ" ಎಂದೇ ಹೇಳಿದನೇ? ಇರಲಿ.

ಈಗ ಕೆಲಸದ ಮಾತು. ಲಕೋಟೆಯ ಹಿಂದೆ ಫೋನ್ ನಂಬರು ಕೊಟ್ಟಿದ್ದೀಯ, ನಾನು ಮಾಡುವುದಿಲ್ಲ. ಪ್ರೆಸ್ಸಿನ ಗದ್ದಲದಲ್ಲಿ ಮೂವತ್ತು ವರ್ಷ ಕಳೆದ ನನ್ನ ಕಿವಿಗೆ ಫೋನು ಒಗ್ಗುವುದಿಲ್ಲ. ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಮಾದರಿ, ಅದನ್ನಂತೂ ಫೋನಿನಲ್ಲಿ ಕಳಿಸುವವಳಲ್ಲ. ಫೋನಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಕಾಗದ ಕೈಯಲ್ಲಿ ಹಿಡಿದು ನೋಡಬೇಕು, ಹೆಬ್ಬೆರಳಿನಿಂದ ಮೂಲೆ ಬಗ್ಗಿಸಿ ನೋಡಬೇಕು.

ಚಿನ್ನದ ಬಣ್ಣ ಕೇಳಬೇಡ. ಕ್ಯಾಮೆರಾದ ಚಿತ್ರವೂ ಬೇಡ, ಫೋಟೋದವರ ಹತ್ತು ಕಾರ್ಡಿನಲ್ಲಿ ಒಂಬತ್ತರಲ್ಲಿ ಅದೇ ಇರುತ್ತದೆ. ಕಾರ್ಡು ನೋಡಿದವನಿಗೆ ನಿನ್ನ ಎದುರು ಕೂತ ಹಾಗೆ ಅನ್ನಿಸಬೇಕು, ನಿನ್ನ ಕಪಾಟು ನೋಡಿದ ಹಾಗಲ್ಲ. ಮೂರು ಮಾದರಿ ಇಟ್ಟಿದ್ದೇನೆ. ಒಂದು ಬರೀ ಅಕ್ಷರ, ಒಂದು ದೀಪ, ಒಂದು ಅರ್ಧ ತೆರೆದ ಕಿಟಕಿ. ನನ್ನನ್ನು ಕೇಳಿದರೆ ಕಿಟಕಿ.

ಸ್ಟೂಲು ಬೇಡ. ಹಳೆಯದಾಯಿತು.

ಅತ್ತೆ


ಜನವರಿ 21

ಅತ್ತೆ,

ಅಕ್ಷರ ನೋಡಿದರೆ ವಕೀಲರ ಕಾರ್ಡು. ದೀಪ ನೋಡಿದರೆ ಎಲೆಕ್ಟ್ರಿಕ್ ಅಂಗಡಿ. ಕಿಟಕಿ ಚಂದ ಇದೆ, ಒಪ್ಪಿದೆ, ಆದರೆ ಪಕ್ಕದ ಟೈಲರಮ್ಮನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಬಡಗಿ ಕೆಲಸಾನೂ ಶುರು ಮಾಡ್ತೀಯಾ? ನಮ್ಮನೆ ಕಿಟಕಿ ಒಂದು ಸರಿಯಾಗಿ ಮುಚ್ತಿಲ್ಲ ಕಣೇ" ಅಂದರು. ಇದಕ್ಕೆ ಏನು ಹೇಳುತ್ತೀರಿ?

ಅಪ್ಪನಿಗೂ ತೋರಿಸಿದೆ. ಚೆನ್ನಾಗಿದೆ ಅಂದರು.

ನನಗೆ ಸ್ಟೂಲೇ ಬೇಕು. ನೀವು ಮರೆತಿರಬಹುದು ಎಂದು ಅಪ್ಪನ ಹಳೆಯ ಕಾರ್ಡೊಂದನ್ನು ಇದರ ಜೊತೆ ಇಟ್ಟಿದ್ದೇನೆ. ಅಮ್ಮನ ಪೆಟ್ಟಿಗೆಯಲ್ಲಿತ್ತು. ಆ ಚಿತ್ರ ಬರೆದವರು ನೀವೇ ಅಂತೆ. ಸ್ಟೂಲಿನ ಒಂದು ಕಾಲು ಗಿಡ್ಡ, ಅಲುಗಾಡಬಾರದೆಂದು ಅದರ ಕೆಳಗೆ ಮಡಿಸಿದ ಕಾಗದ ಕೊಟ್ಟಿರುವುದನ್ನೂ ಬಿಡದೆ ಬರೆದಿದ್ದೀರಲ್ಲ, ನೋಡಿ ನಗು ಬಂತು. ಇಂಥದ್ದನ್ನು ಬರೆದ ಕೈ ಈಗ ನನಗೆ ದೀಪ, ಕಿಟಕಿ ಕಳಿಸುತ್ತಿದೆ. ಹಳೆಯದಾಯಿತು ಅನ್ನುತ್ತೀರಿ. ಹಳೆಯದು ಅಂತಲೇ ಅಲ್ಲವೇ ನಾನು ಕೇಳುತ್ತಿರುವುದು?

ಚೂಟಿ


ಫೆಬ್ರವರಿ 2

ನೀನು ಕಳಿಸಿದ ಕಾರ್ಡನ್ನು ಹಿಂದಿರುಗಿಸಿದ್ದೇನೆ. ಅದು ಇದ್ದ ಪೆಟ್ಟಿಗೆಯಲ್ಲೇ ಇಡು.

ಸ್ಟೂಲನ್ನು ನಾನು ಬರೆಯುವುದಿಲ್ಲ. ಇಪ್ಪತ್ತಮೂರು ವರ್ಷ ಆದಮೇಲೆ ನಿಮ್ಮಪ್ಪ ನನ್ನನ್ನು ಪರೀಕ್ಷೆ ಮಾಡಬೇಕೆಂದಿದ್ದರೆ ಮಗಳ ಕೈಯಲ್ಲಿ ಯಾಕೆ ಮಾಡಿಸಬೇಕು? ತಾನೇ ಎರಡು ಸಾಲು ಬರೆಯಲಿ. ಬೈಯುವುದಿದ್ದರೂ ನೇರವಾಗಿ ಬೈಯಲಿ, ಕೇಳಿಸಿಕೊಳ್ಳುತ್ತೇನೆ. ನಿಮ್ಮೂರಿನಲ್ಲೂ ಡಿಸೈನ್ ಮಾಡುವವರು ಇದ್ದಾರೆ. ಅವರನ್ನು ಕೇಳು.

ನಿನ್ನ ಅಂಗಡಿಗೆ ಒಳ್ಳೆಯದಾಗಲಿ.


ಫೆಬ್ರವರಿ 5

ಅತ್ತೆ,

ತಪ್ಪು ನನ್ನದು. ಹೊಟ್ಟೆಗೆ ಹಾಕಿಕೊಳ್ಳಿ. ಅಪ್ಪನಿಗೆ ಏನೂ ಗೊತ್ತಿಲ್ಲ. ನಾನು ನಿಮಗೆ ಬರೆದದ್ದೂ ಗೊತ್ತಿಲ್ಲ, ಕಿಟಕಿಯನ್ನು ಅವರು ನೋಡಿಯೂ ಇಲ್ಲ. "ನಿಮ್ಮತ್ತೇನ ಕೇಳು" ಅಂದರು ಎಂದು ನಾನು ಬರೆದದ್ದು ಶುದ್ಧ ಸುಳ್ಳು. ಅಪ್ಪ ಹೇಳಿದರೆ ನೀವು ಇಲ್ಲ ಅನ್ನಲಾರಿರಿ ಎಂದುಕೊಂಡಿದ್ದೆ.

ಅಂಗಡಿಯ ಬಗ್ಗೆ ಅಪ್ಪ ಆಡಿದ್ದು ಒಂದೇ ಮಾತು. "ಎಲ್ಲರ ಜೇಬಲ್ಲೂ ಕ್ಯಾಮೆರಾ ಇರುವಾಗ ನಿನ್ನ ಹತ್ರ ಯಾರೇ ಬರ್ತಾರೆ?" ಅಷ್ಟು ಹೇಳಿ ಪತ್ರಿಕೆ ಬಿಡಿಸಿಕೊಂಡರು. ಆ ಮಾತು ಇನ್ನೂ ಕಿವಿಯಲ್ಲಿದೆ. ಹೋದ ವಾರ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಸಿಕ್ಕಿದ್ದರು, ಮಕ್ಕಳ ಫೋಟೋ ತೆಗೆಯುವವರು ಬೇಕಿತ್ತಂತೆ. ಕಾರ್ಡ್ ಕೊಡಿ ಅಂದರು. ನನ್ನ ಹತ್ತಿರ ಇದ್ದದ್ದು ಔಷಧಿ ಅಂಗಡಿಯ ಚೀಟಿ, ಅದರ ಹಿಂದೆ ನಂಬರು ಬರೆದುಕೊಟ್ಟೆ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡ ರೀತಿ ನೋಡಿ ನಾಚಿಕೆಯಾಯಿತು. ಕೆಲಸ ಬೇರೆಯವರಿಗೆ ಹೋಯಿತು.

ಅತ್ತೆ, ನನಗೆ ಭಯ. ಬಾಗಿಲು ತೆರೆದು ಕೂತು ಯಾರೂ ಬರದಿದ್ದರೆ ಅಪ್ಪನ ಮಾತೇ ನಿಜವಾಗುತ್ತದೆ. ಆ ಸ್ಟೂಲಿನ ಮೇಲೆ ಕೂತವರು ಅದನ್ನು ಕಾರ್ಡಿನಲ್ಲಿ ನೋಡಿದರೆ "ಓ, ಇದು ನಮ್ಮ ಫೋಟೋದವರ ಮಗಳದ್ದು" ಎಂದು ಗುರುತು ಹಿಡಿದಾರು ಎಂಬುದು ನನ್ನ ಆಸೆ. ಒಂಬತ್ತು ವರ್ಷ ಬೇರೆಯವರ ಹೆಸರಿನ ಹಿಂದೆ ನಿಂತೆ, ಈಗ ನಿಲ್ಲುವುದಾದರೆ ಅಪ್ಪನ ಪಕ್ಕ ನಿಲ್ಲುತ್ತೇನೆ.

ಇನ್ನು ನಿಮ್ಮ ವಿಳಾಸದ ಕಥೆ. ಸ್ಟೂಲನ್ನು ಕೋಣೆಗೆ ಸಾಗಿಸುವಾಗ ಗಿಡ್ಡ ಕಾಲಿನ ಕೆಳಗಿದ್ದ ಕಾಗದ ಕಳಚಿ ಬಿತ್ತು. ಬಿಡಿಸಿ ನೋಡಿದರೆ ನಾಲ್ಕು ಮಡಿಕೆಯ ಒಂದು ವಿಸಿಟಿಂಗ್ ಕಾರ್ಡು. ನಿಮ್ಮ ಪ್ರೆಸ್ಸಿನದು. ಅಪ್ಪ ಅದನ್ನು ಎಸೆಯದೆ ಇಟ್ಟುಕೊಂಡಿದ್ದಾರಲ್ಲ ಎಂದು ನನಗೆ ಖುಷಿಯಾಯಿತು. ನಿಮ್ಮಿಬ್ಬರ ನಡುವೆ ಏನಾಯಿತು? ಕೇಳಿದರೆ ಅಮ್ಮ "ಆ ವಿಷಯ ಎತ್ತಬೇಡ" ಎಂದು ಪಾತ್ರೆ ಸದ್ದು ಮಾಡುತ್ತಾಳೆ. ನೀವಾದರೂ ಹೇಳಿ.

ಚೂಟಿ


ಫೆಬ್ರವರಿ 27

ಚೂಟಿ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಆ ಕಾರ್ಡು ನಾನು ಸ್ವಂತ ಪ್ರೆಸ್ ಹಾಕಿದಾಗ ಅಚ್ಚು ಮಾಡಿದ ಮೊದಲನೆಯದು. ಒಂದು ಸಾಲನ್ನೂ ಬರೆಯದೆ ಅದನ್ನೊಂದೇ ಲಕೋಟೆಗೆ ಹಾಕಿ ಅಣ್ಣನಿಗೆ ಕಳಿಸಿದ್ದೆ. ಉತ್ತರ ಬರಲಿಲ್ಲ. ಈಗ ತಿಳಿಯಿತು, ಅದು ಅವನ ಸ್ಟೂಲಿನ ಕಾಲ ಕೆಳಗೆ ಇತ್ತು ಎಂದು. ನಿನಗೆ ಖುಷಿಯಾಯಿತು ಅನ್ನುತ್ತೀಯ. ನನಗೆ ನಾಲ್ಕು ದಿನ ಅನ್ನ ಇಳಿಯಲಿಲ್ಲ. ನನ್ನ ಹೆಸರನ್ನು ಕಾಲ ಕೆಳಗೆ ಹಾಕಿ ದಿನವೂ ಅದರ ಮೇಲೆ ಊರಿನವರನ್ನೆಲ್ಲ ಕೂರಿಸಿದ್ದಾನೆ. ತಪ್ಪೇನೂ ಇಲ್ಲ ಬಿಡು. ಮಾಡಿದ್ದುಣ್ಣೋ ಮಹರಾಯ.

ಕೇಳು. ಆಗ ನಾನು ನಿಮ್ಮೂರಿನಲ್ಲೇ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಚಿತ್ರ ಅಚ್ಚಾಗಬೇಕಾದರೆ ಅದನ್ನು ಸತುವಿನ ತಗಡಿನಲ್ಲಿ ಕೊರೆಸಿ ಮರದ ತುಂಡಿಗೆ ಹೊಡೆಯುತ್ತಿದ್ದರು. ಅದಕ್ಕೆ ಬ್ಲಾಕ್ ಎನ್ನುತ್ತಿದ್ದೆವು. ಕೆಲಸ ಮುಗಿದರೂ ಬ್ಲಾಕ್ ಪ್ರೆಸ್ಸಿನಲ್ಲೇ ಉಳಿಯುತ್ತಿತ್ತು, ಅದು ಆಗಿನ ಪದ್ಧತಿ. ಹೂವು, ಹಕ್ಕಿ, ಕೈಮುಗಿದ ಬೊಂಬೆ ಇಂಥವು ಒಂದು ಡ್ರಾಯರಿನಲ್ಲಿ, ಯಾರಿಗೆ ಬೇಕಾದರೂ ಹಾಕಬಹುದು. ಒಬ್ಬರಿಗೆಂದೇ ಬರೆದದ್ದಾದರೆ ದಾರದಲ್ಲಿ ಸುತ್ತಿ, ಹೆಸರಿನ ಚೀಟಿ ಕಟ್ಟಿ, ಬೇರೆ ಗೂಡಿನಲ್ಲಿ ಇಡಬೇಕು. ಎಲ್ಲ ಗಿರಾಕಿಗಳ ಬ್ಲಾಕಿಗೂ ಚೀಟಿ ಕಟ್ಟಿದವಳು ನಾನೇ. ಅಣ್ಣನದಕ್ಕೆ ಕಟ್ಟಲಿಲ್ಲ. ಮನೆಯವನದು, ಇದಕ್ಕೆಂಥ ಚೀಟಿ ಎಂಬ ಸಲಿಗೆ. ಡ್ರಾಯರಿಗೆ ಹಾಕಿಬಿಟ್ಟೆ.

ವರ್ಷದ ಮೇಲೆ ಇನ್ನೊಬ್ಬ ಫೋಟೋದವನು ಕಾರ್ಡಿಗೆ ಬಂದ. ಮಾರನೆಯ ದಿನವೇ ಬೇಕೆಂದ. ಮಾಲೀಕರು ಒಳಗಿನಿಂದ ಕೂಗಿದರು, "ಡ್ರಾಯರಲ್ಲಿ ಒಂದು ಸ್ಟೂಲ್ ಇದೆಯಲ್ಲ, ಅದನ್ನೇ ಹಾಕಮ್ಮ." ಅದು ನಮ್ಮಣ್ಣನದು ಸಾರ್ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಚೀಟಿ ಯಾಕೆ ಕಟ್ಟಿಲ್ಲ ಎಂದು ಬೈದಾರು ಎಂಬ ಭಯ. ಅವನ ಅಂಗಡಿ ಊರಿನ ಆ ತುದಿಯಲ್ಲಿ, ಅಣ್ಣನ ಕಣ್ಣಿಗೆ ಎಲ್ಲಿ ಬೀಳುತ್ತದೆ ಎಂದುಕೊಂಡು ನನ್ನ ಕೈಯಾರೆ ಕೂರಿಸಿ ಅಚ್ಚು ತೆಗೆದೆ.

ಎಂಟೇ ದಿನಕ್ಕೆ ಅಣ್ಣ ಪ್ರೆಸ್ಸಿಗೆ ಬಂದ. ಎರಡು ಕಾರ್ಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಗಿಡ್ಡ ಕಾಲು, ಕೆಳಗಿನ ಕಾಗದ, ಎರಡರಲ್ಲೂ ಅದೇ. ಅವನು ಕೂಗಾಡಲಿಲ್ಲ. "ನೀನೇ ಹಾಕಿದ್ದಾ?" ಎಂದಷ್ಟೇ ಕೇಳಿದ. ನಾನು "ಇಲ್ಲಪ್ಪ, ನನಗೇನೂ ಗೊತ್ತಿಲ್ಲ" ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತ. ದಿನಕ್ಕೆ ನಲವತ್ತು ಮುಖ ನೋಡುವ ಮನುಷ್ಯ, ಅವನಿಗೆ ತಿಳಿಯದೆ ಇರುತ್ತದೆಯೇ? "ಸರಿ ಹಾಗಾದ್ರೆ" ಎಂದು ಹೊರಟುಹೋದ. ಮತ್ತೆ ಮಾತಿಲ್ಲ. ತಿಂಗಳೊಳಗೆ ನಾನು ಊರು ಬಿಟ್ಟೆ.

ಬ್ಲಾಕ್ ಹಾಕಿದ್ದನ್ನು ಅವನು ಕ್ಷಮಿಸುತ್ತಿದ್ದ. ಆ "ಗೊತ್ತಿಲ್ಲ" ಇದೆಯಲ್ಲ, ಅದು ಅಡಕೆಗೆ ಹೋದ ಮಾನ. ಆನೆ ಕೊಟ್ಟರೂ ಬರುವುದಿಲ್ಲ.

ನಿನ್ನ ಐದನೆಯ ತಾರೀಕಿನ ಕಾಗದ ಓದಿದ ಮೇಲೆ ಒಂದು ಸ್ಟೂಲು ಬರೆದೆ. ನಾಲ್ಕು ಕಾಲೂ ಸಮ, ಕೆಳಗೆ ಏನೂ ಇಲ್ಲ. ಯಾರದೂ ಅಲ್ಲದ ಸ್ಟೂಲು. ಗಿಡ್ಡ ಕಾಲಿನ ಕೆಳಗಿನ ಆ ಮಡಿಸಿದ ಕಾಗದವನ್ನು ಚಿತ್ರಿಸಲು ನನಗೆ ಕೈ ಬರಲಿಲ್ಲ. ಪ್ರೂಫ್ ಇದರ ಜೊತೆ ಇದೆ. ಗಿರಾಕಿ ನೋಡಿ ಸಹಿ ಹಾಕದೆ ಯಾವ ಪ್ರೂಫನ್ನೂ ನಾನು ಯಂತ್ರಕ್ಕೆ ಕೊಟ್ಟಿಲ್ಲ. ಈ ಸಲ ಗಿರಾಕಿ ನೀನಲ್ಲ. ಈ ಕಾಗದವನ್ನೂ ಪ್ರೂಫನ್ನೂ ನಿಮ್ಮಪ್ಪನ ಮುಂದಿಡು. ಅವನು ಬೇಡ ಅಂದರೆ ಬೇಡ.

ಅತ್ತೆ


ಮಾರ್ಚ್ 8

ಅತ್ತೆ,

ನೀವು ಹೇಳಿದ ಹಾಗೇ ಮಾಡಿದೆ. ಬೆಳಗ್ಗೆ ಅಪ್ಪನ ಲೋಟದ ಪಕ್ಕ ಎರಡನ್ನೂ ಇಟ್ಟು ಅಡುಗೆಮನೆಗೆ ಓಡಿದೆ. ಬಾಗಿಲ ಸಂದಿಯಿಂದ ನೋಡುತ್ತಾ ನಿಂತೆ, ನನ್ನ ಹಿಂದೆ ಅಮ್ಮನೂ ನಿಂತಿದ್ದಳು.

ಅಪ್ಪ ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು. ಎರಡನ್ನೂ ಮಡಿಸಿ ಜೇಬಿಗೆ ಹಾಕಿಕೊಂಡು ಎದ್ದರು. ಎರಡು ದಿನ ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ. ಮೂರನೆಯ ದಿನ ನಾನು ಕೋಣೆಗೆ ಹೋದರೆ ಸ್ಟೂಲೇ ಇಲ್ಲ! ಟೈಲರಮ್ಮ ಹೇಳಿದರು, "ನಿಮ್ಮಪ್ಪ ಬಂದು ಹೆಗಲ ಮೇಲೆ ಹೊತ್ಕೊಂಡು ಹೋದ್ರು. ಮಾತಾಡಿಸಿದ್ರೂ ತಿರುಗಿ ನೋಡ್ಲಿಲ್ಲ." ಮನೆಯಲ್ಲಿ ಅದನ್ನು ತಮ್ಮ ರೂಮಿನೊಳಗಿಟ್ಟು ಬಾಗಿಲು ಹಾಕಿಕೊಂಡಿದ್ದಾರೆ.

ಇನ್ನು ಹೇಳುವುದೇನಿದೆ? ನಾನು ಕೆದಕಬಾರದಿತ್ತು. ಆರಿದ ಗಾಯ ಕೆರೆದು ನಿಮ್ಮಿಬ್ಬರಿಗೂ ನೋವು ಮಾಡಿದೆ. ಕಿಟಕಿಯನ್ನೇ ಅಚ್ಚು ಮಾಡಿಬಿಡಿ. ಟೈಲರಮ್ಮನ ಕಿಟಕಿ ರಿಪೇರಿಯನ್ನೂ ಕಲಿತರಾಯಿತು.

ನಿಮ್ಮ ಮೇಲೆ ನನಗೆ ಕೋಪವಿಲ್ಲ. ಒಂದೇ ಒಂದು ಚೂರೂ ಇಲ್ಲ.

ಚೂಟಿ


ಮಾರ್ಚ್ 12

ಚೂಟಿ,

ಕಿಟಕಿ ಕಾರ್ಡು ಇನ್ನೂರು ಮಾಡಿ ಪಾರ್ಸೆಲ್ ಹಾಕಿದ್ದೇನೆ. ಕಾಗದ ದಪ್ಪದ್ದು, ಮೂಲೆ ಮುದುರುವುದಿಲ್ಲ. ಟೈಲರಮ್ಮ ಬಡಗಿ ಅನ್ನಬಾರದೆಂದು ಕಿಟಕಿಯೊಳಗೆ ಒಂದು ಮುಖ ಇಣುಕುವ ಹಾಗೆ ಬರೆದಿದ್ದೇನೆ. ಮುಂದಿನ ಹಲ್ಲು ಎರಡು ಇಲ್ಲ. ಯಾರೆಂದು ಹೇಳಬೇಕಾಗಿಲ್ಲ.

ಕಾರ್ಡನ್ನು ಯಾವಾಗಲೂ ಎರಡು ಕೈಯಲ್ಲಿ ಕೊಡು. ಒಂದು ಕೇಳಿದರೆ ಎರಡು ಕೊಡು, ಇನ್ನೊಂದು ಅವರ ಮನೆಯ ಬೇರೆಯವರಿಗೆ ಹೋಗುತ್ತದೆ. ಬೋರ್ಡಿನ ಬಣ್ಣವೂ ಕಾರ್ಡಿನ ಬಣ್ಣವೂ ಒಂದೇ ಇರಲಿ.

ನಿಮ್ಮಪ್ಪನ ಮೇಲೆ ಮುನಿಸಿಕೊಳ್ಳಬೇಡ. ನಿಜ ಹೇಳಲು ನನಗೆ ಇಪ್ಪತ್ತಮೂರು ವರ್ಷ ಬೇಕಾಯಿತು, ಕೇಳಿಸಿಕೊಳ್ಳಲು ಅವನಿಗೆ ಎರಡು ದಿನ ಸಾಲದು. ಅವನು ಓದಿದನಲ್ಲ, ಅಷ್ಟು ಸಾಕು ನನಗೆ. ಸಾಕು ಎಂದು ಬರೆದಿದ್ದೇನೆ, ಆದರೆ ನಿನ್ನೆ ಅಳು ಬಂತು. ಅದೂ ನಿಜ.

ನಿನ್ನ ಅಂಗಡಿ ನಡೆಯುತ್ತದೆ. ಜೇಬಲ್ಲಿ ಕ್ಯಾಮೆರಾ ಇದ್ದವರಿಗೆಲ್ಲ ಎದುರಿಗಿರುವ ಮುಖ ನೋಡುವ ತಾಳ್ಮೆ ಇರುವುದಿಲ್ಲ.

ಅತ್ತೆ


ಮಾರ್ಚ್ 16

ಅತ್ತೆ! ಅತ್ತೆ! ಅತ್ತೆ!

ಮೊದಲು ಒಳಗಿರುವ ಪ್ರೂಫ್ ನೋಡಿ, ಆಮೇಲೆ ಇದನ್ನು ಓದಿ.

ನೋಡಿದಿರಾ? ಕೆಂಪು ಪೆನ್ಸಿಲ್ಲು ಅಪ್ಪನದು. ನಿನ್ನೆ ಬೆಳಗ್ಗೆ ನಾನು ಕೋಣೆಯ ಬೀಗ ತೆಗೆಯುತ್ತಿದ್ದೆ. ಅಪ್ಪ ಸ್ಟೂಲು ಹೊತ್ತುಕೊಂಡು ಬಂದರು. ಮೂರು ಕಾಲಿಗೆ ಹೊಸ ಮೊಳೆ ಬಿದ್ದಿದೆ, ಕೂರುವ ಹಲಗೆಯನ್ನು ಉಜ್ಜಿ ಎಣ್ಣೆ ಹಚ್ಚಿದ್ದಾರೆ. ಅಷ್ಟು ದಿನ ಬಾಗಿಲು ಹಾಕಿಕೊಂಡು ಮಾಡಿದ್ದು ಇದು! ನಾನೋ ಏನೇನೋ ಅಂದುಕೊಂಡು ನಿಮಗೂ ಬರೆದುಬಿಟ್ಟೆ. ಗಿಡ್ಡ ಕಾಲನ್ನು ಮಾತ್ರ ಮುಟ್ಟಿಲ್ಲ. ಯಾಕಪ್ಪ ಅದನ್ನು ಸರಿ ಮಾಡಲಿಲ್ಲ ಅಂದೆ. "ಅದು ಹಾಗೇ ಇರ್ಬೇಕು" ಅಂದರು.

ಆಮೇಲೆ ಜೇಬಿನಿಂದ ಪ್ರೂಫ್ ತೆಗೆದು ಕೊಟ್ಟರು. ಸಹಿ ಇಲ್ಲ. ಅಂಚಿನಲ್ಲಿ ಬರೆದಿರುವುದನ್ನು ನೀವು ಓದಿಯೇ ಇದ್ದೀರಿ, ಆದರೂ ನಾನು ಇನ್ನೊಮ್ಮೆ ಬರೆಯುತ್ತೇನೆ, ಬರೆಯಲು ಖುಷಿಯಾಗುತ್ತದೆ: "ಸ್ಟೂಲು ತಪ್ಪಾಗಿದೆ. ಎಡಗಡೆ ಮುಂದಿನ ಕಾಲು ಗಿಡ್ಡ. ಕೆಳಗಿನ ಕಾಗದ ಬಿಟ್ಟುಹೋಗಿದೆ. ತಿದ್ದಿ ಇನ್ನೊಂದು ಪ್ರೂಫ್ ತರುವುದು. ಅಂಚೆಯಲ್ಲಿ ಬೇಡ. ಕೈಯಲ್ಲೇ ತರುವುದು."

ನಾನು ಧೈರ್ಯ ಮಾಡಿ ಕೇಳಿಬಿಟ್ಟೆ, "ಅತ್ತೆಯ ಕಾರ್ಡನ್ನ ಯಾಕಪ್ಪ ಕಾಲ ಕೆಳಗೆ ಹಾಕಿದ್ರಿ? ಅವರು ಎಷ್ಟು ನೊಂದುಕೊಂಡಿದ್ದಾರೆ ಗೊತ್ತಾ?" ಅಪ್ಪ ಸ್ಟೂಲನ್ನು ಬೋರಲು ಹಾಕಿ ಗಿಡ್ಡ ಕಾಲಿನ ತುದಿ ಒರೆಸಿದರು. ಆಮೇಲೆ ಹೇಳಿದರು. "ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೇ. ಎದುರಿಗೆ ಇಟ್ಕೊಳ್ಳೋಕೆ ಕೋಪ ಬಿಡ್ಲಿಲ್ಲ. ಅಲ್ಲಿಟ್ಟೆ. ಅದು ಬಂದ ದಿನದಿಂದ ಸ್ಟೂಲು ಒಂದು ದಿನಾನೂ ಅಲುಗಾಡ್ಲಿಲ್ಲ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ, ಬಣ್ಣ ಸರಿಯಾಗಿ ಬಳಿದಿಲ್ಲ ಎಂದು ನನಗೆ ಬೈದರು. ಇವತ್ತು ಬೆಳಗ್ಗೆ ತಾವೇ ಬ್ರಷ್ ಹಿಡಿದು ಬಂದರು.

ಅಮ್ಮ ಕೇಳುತ್ತಿದ್ದಾಳೆ, "ಆ ಮೊಂಡಿ ಯಾವ ಬಸ್ಸಿಗೆ ಬರ್ತಾಳಂತೆ?" ಏನು ಹೇಳಲಿ?

ಚೂಟಿ

(ಕೆಳಗಿನ ನಿಮ್ಮ ಕಾರ್ಡು ಕಳಚಿ ಬಿದ್ದಾಗಿನಿಂದ ಸ್ಟೂಲು ಕುಂಟುತ್ತಿದೆ. ಟೈಲರಮ್ಮ ನಿನ್ನೆ ಕೂತು ಬೀಳುವುದರಲ್ಲಿದ್ದರು.)


ಮಾರ್ಚ್ 20

ಚೂಟಿ,

ನಿಮ್ಮಪ್ಪ ಹೇಳಿದ ತಿದ್ದುಪಡಿ ಮಾಡಿದ್ದೇನೆ. ಗಿಡ್ಡ ಕಾಲು ಬರೆಯುವಾಗ ಅಳತೆಪಟ್ಟಿ ಬೇಕಾಗಲಿಲ್ಲ. ಕೈಗೆ ನೆನಪಿತ್ತು.

ಹೊಸ ಪ್ರೂಫನ್ನು ಲಕೋಟೆಗೆ ಹಾಕಿಲ್ಲ. ಪುಸ್ತಕದ ನಡುವೆ ಇಟ್ಟು ಚೀಲಕ್ಕೆ ಹಾಕಿದ್ದೇನೆ. ಇಪ್ಪತ್ತನಾಲ್ಕರ ಬೆಳಗಿನ ಬಸ್ಸು, ಮಧ್ಯಾಹ್ನ ಮೂರಕ್ಕೆ ನಿಮ್ಮೂರು ಎಂದು ನಿಮ್ಮಮ್ಮನಿಗೆ ಹೇಳು. ಮೊಂಡಿ ಅಂದದ್ದಕ್ಕೆ ಬಂದು ವಿಚಾರಿಸಿಕೊಳ್ಳುತ್ತೇನೆ ಎಂದೂ ಹೇಳು. ಯಾರೂ ನಿಲ್ದಾಣಕ್ಕೆ ಬರುವುದು ಬೇಡ. ಅಣ್ಣ ತಾನಾಗಿ ಬಂದರೆ ಮಾತ್ರ ತಡೆಯಬೇಡ.

ಮೊದಲು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸುತ್ತೇನೆ. "ನಾನೇ ಹಾಕಿದ್ದು" ಎಂಬಷ್ಟನ್ನಾದರೂ ಎದುರು ನಿಂತು ಹೇಳಬೇಕು. ಕಾಗದದಲ್ಲಿ ಹೇಳಿದ್ದು ಸಾಲದು. ಅವನು ಅವತ್ತು ಕೇಳಿದ್ದು ಬಾಯಿಮಾತಿನಲ್ಲಿ.

ಇನ್ನೊಂದು. ಅವನ ಸ್ಟೂಲಿನ ಚಿತ್ರ ಬರೆದವಳು ನಾನು, ಆದರೆ ಅದರ ಮೇಲೆ ಒಮ್ಮೆಯೂ ಕೂತವಳಲ್ಲ. ನನ್ನದೊಂದು ಒಳ್ಳೆಯ ಫೋಟೋ ಎಲ್ಲಿಯೂ ಇಲ್ಲ. ನಿನ್ನ ಅಂಗಡಿಯ ಮೊದಲ ಗಿರಾಕಿ ನಾನೇ, ಬೇರೆ ಯಾರಿಗೂ ಮಾತು ಕೊಡಬೇಡ. ಟೈಲರಮ್ಮನಿಗೂ.

ಸ್ಟೂಲು ಕುಂಟುತ್ತಿದೆ ಎಂದು ಬರೆದಿದ್ದೀಯ. ಆ ಹಳೆಯ ಕಾರ್ಡು ಸವೆದು ತೆಳ್ಳಗಾಗಿರುತ್ತದೆ, ಅದನ್ನು ಮತ್ತೆ ಇಡಬೇಡ. ಕಾಲಿನ ಕೆಳಗೆ ಕೊಡಲು ನನ್ನ ಹೊಸ ಕಾರ್ಡೊಂದನ್ನು ತರುತ್ತಿದ್ದೇನೆ. ಮಡಿಸುವುದನ್ನು ಅಣ್ಣನಿಗೆ ಬಿಡೋಣ.

ಅತ್ತೆ